ಕ್ಯೂನಲ್ಲಿ ನಿಂತರೇ ಕೈಕಾಲು ತಣ್ಣಗಾಗುತ್ತವೆ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು. ಅಮ್ಯೂಸ್‌ಮೆಂಟ್ ಪಾರ್ಕಿನ ದೊಡ್ಡ ರೈಡುಗಳ ಭಯ. ಹಾಗಾಗಿ ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಉಳಿದವರಿಗೆ ಬೇಕಾದದ್ದೂ ಬಹಳಷ್ಟು ಅದರಲ್ಲೇ ಇದೆ.

ಪ್ರಶ್ನೆ: ಮೇಡಂ, ನನಗೆ 36 ವರ್ಷ, ಮಗಳಿಗೆ 11. ಮುಂದಿನ ತಿಂಗಳು ಅವಳ ಹುಟ್ಟುಹಬ್ಬಕ್ಕೆ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗುವುದು ಅಂತ ತೀರ್ಮಾನವಾಗಿದೆ. "ಅಮ್ಮಾ, ಈ ಸಲ ರೋಲರ್ ಕೋಸ್ಟರಿನಲ್ಲಿ ನನ್ನ ಪಕ್ಕ ನೀನೇ ಕೂರಬೇಕು" ಅಂತ ಹಟ ಹಿಡಿದಿದ್ದಾಳೆ. ನನಗೆ ಆ ಕಂಬಿಗಳನ್ನು ದೂರದಿಂದ ನೋಡಿದರೇ ಅಂಗೈ ಬೆವರುತ್ತದೆ. ಕಾಲೇಜಿನಲ್ಲಿದ್ದಾಗ ಗೆಳತಿಯರು ಎಳೆದುಕೊಂಡು ಹೋಗಿ ತೂಗಾಡುವ ಹಡಗಿನ ತುದಿ ಸೀಟಿನಲ್ಲಿ ಕೂರಿಸಿದ್ದರು. ನಿಲ್ಲಿಸಿ ನಿಲ್ಲಿಸಿ ಅಂತ ಅತ್ತೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಅವತ್ತಿನಿಂದ ಯಾವುದನ್ನೂ ಹತ್ತಿಲ್ಲ. ಎಲ್ಲರ ಬ್ಯಾಗು, ಚಪ್ಪಲಿ ಕಾಯುತ್ತಾ ಬೆಂಚಿನ ಮೇಲೆ ಕೂರುವವಳು ನಾನೇ. ಮಗಳಿಗೆ ಇಲ್ಲ ಅನ್ನಲು ಮನಸ್ಸಿಲ್ಲ, ಹತ್ತಲು ಧೈರ್ಯವಿಲ್ಲ. ಈ ವಯಸ್ಸಿನಲ್ಲಿ ಈ ಭಯ ಹೋಗುತ್ತದಾ?
— ಹೆಸರು ಬೇಡ

ಉತ್ತರ: ಆ ಬೆಂಚು ನನಗೂ ಗೊತ್ತು. 41ನೇ ವಯಸ್ಸಿನವರೆಗೆ ನಾನೂ ಅಲ್ಲೇ ಕೂತಿದ್ದವಳು. ಎಲ್ಲರೂ ಕೂದಲು ಕೆದರಿಕೊಂಡು ನಗುತ್ತಾ ಇಳಿದು ಬರುತ್ತಾರೆ, "ಅಯ್ಯೋ ನೀನೂ ಬರಬೇಕಿತ್ತು" ಅನ್ನುತ್ತಾರೆ, ನಾವು ನೀರಿನ ಬಾಟಲಿ ಎತ್ತಿ ಕೊಡುತ್ತೇವೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಹೌದು, ಈ ಭಯ ಕಡಿಮೆಯಾಗುತ್ತದೆ. ವಯಸ್ಸು ಅಡ್ಡ ಬರುವುದಿಲ್ಲ, ಶುರು ಮಾಡಲು ಒಂದು ತಿಂಗಳು ಸಾಕು. ಆದರೆ "ಭಯ ಪೂರ್ತಿ ಹೋಗಲಿ, ಆಮೇಲೆ ಹತ್ತುತ್ತೇನೆ" ಅಂತ ಕಾಯಬೇಡಿ. ಹಾಗೆ ಕಾದೇ ನನ್ನ ಇಪ್ಪತ್ತು ವರ್ಷ ಹೋಯಿತು. ಭಯ ಇರುವಾಗಲೇ, ಅದನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ, ಚಿಕ್ಕದೊಂದು ರೈಡ್ ಹತ್ತಬೇಕು. ಆಮೇಲೆ ಅದಕ್ಕಿಂತ ಸ್ವಲ್ಪ ದೊಡ್ಡದು. ಹತ್ತುವ ತೀರ್ಮಾನ ಮಾತ್ರ ಪ್ರತಿ ಸಲವೂ ನಿಮ್ಮದೇ ಆಗಿರಬೇಕು.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪತ್ರದಲ್ಲಿ ನನಗೆ ತುಂಬಾ ನೋವಾದ ಸಾಲು "ಯಾರೂ ಕೇಳಿಸಿಕೊಳ್ಳಲಿಲ್ಲ" ಅನ್ನುವುದು. ರೈಡುಗಳ ಭಯ ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ಎತ್ತರದ ಭಯ, ಕೆಲವರಿಗೆ ಬೀಳುವಾಗ ಹೊಟ್ಟೆಯಲ್ಲಿ ಆಗುವ ತಳಮಳದ ಭಯ. ಇನ್ನು ಕೆಲವರಿಗೆ ವಾಂತಿಯಾದರೆ ಮರ್ಯಾದೆ ಹೋಗುತ್ತದಲ್ಲ ಅನ್ನುವ ಚಿಂತೆ, ಕೆಲವರಿಗೆ ಯಂತ್ರದ ಮೇಲೆ ನಂಬಿಕೆಯಿಲ್ಲ. ನಿಮ್ಮ ಭಯದ ಬೇರು "ಒಮ್ಮೆ ಲಾಕ್ ಆದರೆ ನನ್ನ ಮಾತು ನಡೆಯಲ್ಲ" ಅನ್ನುವಲ್ಲಿದೆ ಅಂತ ನನಗನ್ನಿಸುತ್ತದೆ. ಸರಿಯಾ ತಪ್ಪಾ ಅಂತ ನೀವೇ ಒಂದು ಹಾಳೆಯ ಮೇಲೆ ಬರೆದು ನೋಡಿ. ಯಾವ ಕ್ಷಣ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ? ಸೀಟಿನಲ್ಲಿ ನಮ್ಮನ್ನು ಹಿಡಿದಿಡುವ ಬಾರ್ ಲಾಕ್ ಆಗುವುದಾ, ಮೇಲೇರುವುದಾ, ಬೀಳುವುದಾ? ಅದು ತಿಳಿದರೆ ಯಾವುದಕ್ಕೆ ತಯಾರಾಗಬೇಕು ಅನ್ನುವುದು ತಿಳಿದ ಹಾಗೆ.

ಇನ್ನೊಂದು ವಿಷಯ. ಗೆಳತಿಯರು ನಿಮ್ಮನ್ನು ಕೂರಿಸಿದ್ದು ಆ ಹಡಗಿನಲ್ಲೇ ಅತಿ ಕಷ್ಟದ ಜಾಗದಲ್ಲಿ. ಹಡಗು ತೂಗುವಾಗ ನಡುವಿನ ಸಾಲು ಏರುವುದು ಸ್ವಲ್ಪವೇ. ತುದಿಯ ಸಾಲು ಎಲ್ಲಕ್ಕಿಂತ ಮೇಲೆ ಹೋಗಿ ಹೆಚ್ಚುಕಡಿಮೆ ನೆಟ್ಟಗೆ ಕೆಳಗೆ ಬರುತ್ತದೆ. ಅಂದರೆ ಏನೂ ಅಭ್ಯಾಸವಿಲ್ಲದ ಹುಡುಗಿಗೆ ಅವರು ಕೊನೆಯ ಮೆಟ್ಟಿಲನ್ನೇ ಮೊದಲು ಹತ್ತಿಸಿದ್ದರು. ನೀವು ಹೆದರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಈಗ ದೇಹದ ವಿಷಯ. ಮಿದುಳಿನಲ್ಲಿ ಅಮಿಗ್ಡಲ ಅನ್ನುವ ಚಿಕ್ಕ ಭಾಗವಿದೆ, ಅಪಾಯದ ಗಂಟೆ ಹೊಡೆಯುವುದು ಅದರ ಕೆಲಸ. ಗಂಟೆ ಹೊಡೆದ ಕೂಡಲೇ ಅಡ್ರಿನಲಿನ್ ಹರಿಯುತ್ತದೆ, ಎದೆ ಡವಗುಟ್ಟುತ್ತದೆ, ರಕ್ತ ದೊಡ್ಡ ಸ್ನಾಯುಗಳ ಕಡೆಗೆ ಹೋಗುವುದರಿಂದ ಕೈಕಾಲು ತಣ್ಣಗಾಗುತ್ತವೆ. ಇದನ್ನೆಲ್ಲ ನಾವು "ಏನೋ ಆಗಿಹೋಗುತ್ತದೆ" ಅಂತ ಓದಿಕೊಳ್ಳುತ್ತೇವೆ. ನಿಮ್ಮ ಮಗಳ ಎದೆಯೂ ಕ್ಯೂನಲ್ಲಿ ಜೋರಾಗಿ ಹೊಡೆದುಕೊಳ್ಳುತ್ತದೆ, ಬೇಕಾದರೆ ಕೈಯಿಟ್ಟು ನೋಡಿ. ಅವಳು ಅದನ್ನು ಖುಷಿ ಅನ್ನುತ್ತಾಳೆ, ಅಷ್ಟೇ ವ್ಯತ್ಯಾಸ. ಅಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಜನರಿಗೆ ಎಲ್ಲರ ಮುಂದೆ ಹಾಡಲು, ಭಾಷಣ ಮಾಡಲು ಹೇಳಿದರು. "ನಾನು ಶಾಂತವಾಗಿದ್ದೇನೆ" ಅಂತ ಹೇಳಿಕೊಂಡವರಿಗಿಂತ "ನನಗೆ ಉತ್ಸಾಹ ಬಂದಿದೆ" ಅಂತ ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಓಡುತ್ತಿರುವ ಎದೆಯನ್ನು ಏಕಾಏಕಿ ನಿಲ್ಲಿಸಲು ಆಗುವುದಿಲ್ಲ, ಆದರೆ ಅದಕ್ಕೆ ಬೇರೆ ಹೆಸರು ಕೊಡಬಹುದು. ನನಗೆ ಇದು ಕೆಲಸ ಮಾಡಿತು. ಬಾಯಿ ಬಿಟ್ಟೇ ಹೇಳಿಕೊಳ್ಳಿ.

ಬೀಳುವಾಗ ಹೊಟ್ಟೆ ಬಾಯಿಗೆ ಬಂದ ಹಾಗೆ ಆಗುತ್ತದಲ್ಲ, ಅದೇನು ಗೊತ್ತಾ? ದಿನವಿಡೀ ಕುರ್ಚಿ, ನೆಲ ನಮ್ಮನ್ನು ಕೆಳಗಿನಿಂದ ಒತ್ತುತ್ತಲೇ ಇರುತ್ತವೆ. ಬೀಳುವಾಗ ಆ ಒತ್ತು ಹೋಗುತ್ತದೆ, ಒಳಗಿನ ಅಂಗಗಳು ಒಂದು ಕ್ಷಣ ಹಗುರಾಗುತ್ತವೆ. ಅಷ್ಟೇ. ಒಳಗೆ ಏನೂ ಕಿತ್ತು ಬರುವುದಿಲ್ಲ. ಮತ್ತೆ ಅದು ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ. ಯಾವ ತಡೆಯೂ ಇಲ್ಲದೆ ಬಿದ್ದರೆ ಮೊದಲ ಸೆಕೆಂಡಿನಲ್ಲಿ ಸುಮಾರು 5 ಮೀಟರ್, ಎರಡು ಸೆಕೆಂಡಿಗೆ ಸುಮಾರು 20 ಮೀಟರ್ ಕೆಳಗೆ ಬಂದಿರುತ್ತೀರಿ. ದೊಡ್ಡ ಇಳಿಜಾರೂ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದಕ್ಕಾಗಿ ನಾವು ಹೆದರುವುದು ತಿಂಗಳುಗಟ್ಟಲೆ, ಆಮೇಲೆ ಕ್ಯೂನಲ್ಲಿ ನಿಂತು ಮತ್ತೆ ಒಂದು ಗಂಟೆ. ನನ್ನ ಅನುಭವದಲ್ಲಿ ನಿಜವಾದ ಕಷ್ಟವೆಲ್ಲ ಕ್ಯೂನಲ್ಲೇ ಇದೆ.

ಯಂತ್ರದ ಬಗ್ಗೆ ಎರಡು ಮಾತು. ಈಗಿನ ದೊಡ್ಡ ರೋಲರ್ ಕೋಸ್ಟರ್‌ಗಳ ಚಕ್ರಗಳು ಕಂಬಿಯ ಮೇಲೆ ಸುಮ್ನೆ ಕೂತಿರುವುದಿಲ್ಲ. ಕಂಬಿಯ ಮೇಲೊಂದು, ಪಕ್ಕದಲ್ಲೊಂದು, ಕೆಳಗೊಂದು ಹೀಗೆ ಮೂರು ಕಡೆಯಿಂದ ಹಿಡಿದುಕೊಂಡಿರುತ್ತವೆ. ಆ ಕೆಳಗಿನ ಚಕ್ರಕ್ಕೆ ಅಮೆರಿಕದ ಜಾನ್ ಮಿಲ್ಲರ್ 1919ರಲ್ಲೇ ಪೇಟೆಂಟ್ ಪಡೆದಿದ್ದರು. ಗಾಡಿ ಮೇಲಕ್ಕೆ ನೆಗೆಯಲು ನೋಡಿದರೂ ಕೆಳಗಿನ ಚಕ್ರ ಬಿಡುವುದಿಲ್ಲ. ಇನ್ನು ಸರಪಳಿ ಗಾಡಿಯನ್ನು ಮೇಲೆ ಎಳೆಯುವಾಗ ಕಟ ಕಟ ಕಟ ಅಂತ ಸದ್ದು ಬರುತ್ತದಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸುತ್ತಿದ್ದದ್ದು ಅದೇ. ಏನೋ ಸಡಿಲವಾಗಿದೆ ಅಂತಲೇ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಗಾಡಿಯ ಅಡಿಯಲ್ಲಿರುವ ಒಂದು ಕೊಕ್ಕೆ ಕಂಬಿಯ ನಡುವಿನ ಹಲ್ಲುಗಳಿಗೆ ಒಂದೊಂದಾಗಿ ಸಿಕ್ಕಿಕೊಳ್ಳುತ್ತಾ ಹೋಗುವ ಸದ್ದು ಅದು. ಸರಪಳಿ ತುಂಡಾದರೂ ಗಾಡಿ ಹಿಂದಕ್ಕೆ ಜಾರಬಾರದು ಅಂತ ಇಟ್ಟಿದ್ದು. ನಾನು ಯಾವ ಸದ್ದಿಗೆ ನಡುಗುತ್ತಿದ್ದೆನೋ ಅದೇ ನನ್ನನ್ನು ಹಿಡಿದುಕೊಂಡಿರುವ ಸದ್ದು ಅಂತ ತಿಳಿದ ದಿನ ನನ್ನ ಭಯ ಅರ್ಧ ಇಳಿಯಿತು.

ಹಾಗಂತ ಅಪಘಾತ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಅಪರೂಪಕ್ಕೆ ಆಗುತ್ತವೆ, ನಿರ್ಲಕ್ಷ್ಯ ಇರುವ ಕಡೆ ಆಗುತ್ತವೆ. ಕೂತ ಮೇಲೆ ಸಿಬ್ಬಂದಿ ಪ್ರತಿಯೊಬ್ಬರ ಬಾರನ್ನೂ ಕೈಯಿಂದ ಎಳೆದು ನೋಡುತ್ತಾರಾ ಅಂತ ಗಮನಿಸಿ. ನೋಡದಿದ್ದರೆ, ಅಥವಾ ನಿಮ್ಮ ಬೆಲ್ಟ್ ಸಡಿಲ ಅನ್ನಿಸಿದರೆ, ಸಂಕೋಚ ಬೇಡ. ಕೈಯೆತ್ತಿ ಕರೆಯಿರಿ. ಸರಿಮಾಡದಿದ್ದರೆ ಇಳಿದುಬಿಡಿ. ಅದು ಪುಕ್ಕಲುತನ ಅಲ್ಲ.

ಮುಂದಿನ ತಿಂಗಳವರೆಗೆ ಹೀಗೆ ಮಾಡಿ. ರೋಲರ್ ಕೋಸ್ಟರಿನ ಮುಂದಿನ ಸೀಟಿನಿಂದ ತೆಗೆದ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಒಂದೇ ವಿಡಿಯೊವನ್ನು ದಿನಾ ನೋಡಿ, ಕಣ್ಣು ಮುಚ್ಚದೆ, ನಡುವೆ ನಿಲ್ಲಿಸದೆ. ನೋಡುವ ಮೊದಲು ಮತ್ತು ನೋಡಿದ ಮೇಲೆ ನಿಮ್ಮ ಭಯಕ್ಕೆ ಹತ್ತರಲ್ಲಿ ಎಷ್ಟು ಅಂಕ ಅಂತ ಬರೆದಿಡಿ. ಎಂಟು ಇದ್ದದ್ದು ಮೂರಕ್ಕೆ ಬಂದು, ಕೊನೆಗೆ ಬೇಜಾರು ಬರುವವರೆಗೆ ಅದೇ ವಿಡಿಯೊ. ಬೇಜಾರು ಬಂದರೆ ಒಳ್ಳೆಯ ಲಕ್ಷಣ. ಭಯ ಜೋರಾಗಿರುವಾಗಲೇ ಎದ್ದು ಬಂದರೆ ಮನಸ್ಸು "ಓಡಿ ಬಂದದ್ದಕ್ಕೇ ಬದುಕಿದೆ" ಅಂತ ಕಲಿಯುತ್ತದೆ. ಸ್ವಲ್ಪ ಹೊತ್ತು ಅಲ್ಲೇ ಇದ್ದರೆ ಅದು ತಾನಾಗಿ ಇಳಿಯುತ್ತದೆ, ಮನಸ್ಸು ಅದನ್ನೂ ಕಲಿಯುತ್ತದೆ. ಜೊತೆಗೆ ಎಲ್ಲಾದರೂ ಉಯ್ಯಾಲೆ ಸಿಕ್ಕರೆ ಕೂತು ತೂಗಿಕೊಳ್ಳಿ. ಹೊಟ್ಟೆಯಲ್ಲಿ ಆಗುವ ಆ ಹಗುರ ನಿಮ್ಮ ಕೈಯಲ್ಲೇ ಇರುತ್ತದೆ, ಬೇಕಾದಷ್ಟು ಜಾಸ್ತಿ ಮಾಡಬಹುದು, ಸಾಕು ಅನ್ನಿಸಿದರೆ ಕಡಿಮೆ ಮಾಡಬಹುದು.

ಹುಟ್ಟುಹಬ್ಬದ ದಿನ ಸೀದಾ ದೊಡ್ಡದರ ಹತ್ತಿರ ಹೋಗಬೇಡಿ. ರೋಲರ್ ಕೋಸ್ಟರ್ ಕೂಡ ಚಿಕ್ಕದಾಗಿಯೇ ಶುರುವಾದದ್ದು. 1884ರಲ್ಲಿ ಅಮೆರಿಕದ ಕೋನಿ ಐಲೆಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ತೆರೆದ ರೈಡ್ ಗಂಟೆಗೆ ಸುಮಾರು 10 ಕಿ.ಮೀ. ವೇಗದಲ್ಲಿ ಹೋಗುತ್ತಿತ್ತು, ಜನ ಅದಕ್ಕೇ ಮುಗಿಬಿದ್ದರು. ನೀವೂ ಮಕ್ಕಳ ಚಿಕ್ಕ ರೈಲಿನಿಂದ ಶುರು ಮಾಡಿ. ಆಮೇಲೆ ಹಡಗು, ಈ ಸಲ ನಟ್ಟನಡುವಿನ ಸಾಲಿನಲ್ಲಿ. ಮುಖ್ಯವಾದ ಮಾತು, ಯಾವುದನ್ನು ಹತ್ತಿದರೂ ಎರಡು ಮೂರು ಸಲ ಹತ್ತಿ. ಮೊದಲ ಸಲ "ಸದ್ಯ ಮುಗಿಯಿತು" ಅನ್ನಿಸುತ್ತದೆ, ಅಷ್ಟೇ. ಎರಡನೇ ಸಲಕ್ಕೆ ಎಲ್ಲಿ ತಿರುಗುತ್ತದೆ, ಎಲ್ಲಿ ಬೀಳುತ್ತದೆ ಅಂತ ಗೊತ್ತಿರುವುದರಿಂದ ಭಯಕ್ಕೆ ಜಾಗ ಕಡಿಮೆಯಾಗುತ್ತದೆ.

ದೊಡ್ಡದರ ಸರದಿ ಬಂದಾಗ ಮೊದಲು ಮಗಳ ಜೊತೆ ಹೊರಗೆ ನಿಂತು ಒಂದೆರಡು ಸುತ್ತು ಪೂರ್ತಿ ನೋಡಿ. ಎಷ್ಟು ಸೆಕೆಂಡ್ ಆಗುತ್ತದೆ ಅಂತ ಇಬ್ಬರೂ ಎಣಿಸಿ. ಇಳಿದು ಬರುವವರ ಮುಖ ನೋಡಿ. ಸೀಟು ನಡುವಿನದೇ ಕೇಳಿ. ಮುಂದೆ ಕೂತರೆ ಎಲ್ಲ ಕಣ್ಣಿಗೆ ಕಾಣುತ್ತದೆ, ತೀರಾ ಹಿಂದೆ ಕೂತರೆ ಇಳಿಯುವಾಗ ಗಾಡಿ ರಪ್ಪನೆ ಎಳೆಯುತ್ತದೆ. ಕ್ಯೂನಲ್ಲಿ ಉಸಿರನ್ನು ಮೂಗಿನಿಂದ ತೆಗೆದುಕೊಂಡು, ಅದಕ್ಕಿಂತ ಎರಡು ಪಟ್ಟು ನಿಧಾನಕ್ಕೆ ಬಾಯಿಂದ ಬಿಡಿ. ಮಗಳಿಗೆ ಮನೆಯಲ್ಲೇ ಹೇಳಿರಿ, "ನಾನು ಬರುತ್ತೇನೆ, ಆದರೆ ಬಾಗಿಲ ಹತ್ತಿರ ಬಂದು ಬೇಡ ಅನ್ನಿಸಿದರೆ ಬೇಡ ಅನ್ನುತ್ತೇನೆ, ನೀನು ಬೇಜಾರು ಮಾಡಿಕೊಳ್ಳಬಾರದು" ಅಂತ. ಅವತ್ತು ಹಡಗಿನಲ್ಲಿ ನಿಮಗೆ ಸಿಗದೇ ಇದ್ದದ್ದು ಇದೇ ಅಲ್ವಾ? ಈ ಒಂದು ಮಾತು ಕೈಯಲ್ಲಿದ್ದರೆ ಕಾಲು ಮುಂದೆ ಹೋಗುವುದು ಎಷ್ಟೋ ಸುಲಭ.

ಕೂತ ಮೇಲೆ ತಲೆಯನ್ನು ಹಿಂದಕ್ಕೆ ಒರಗಿಸಿ, ಬಾರ್ ಗಟ್ಟಿಯಾಗಿ ಹಿಡಿದು, ಇಳಿಯುವಾಗ ಹೊಟ್ಟೆ ಬಿಗಿ ಮಾಡಿ. ಕಣ್ಣು ಮುಚ್ಚಬೇಡಿ. ಮುಚ್ಚಿದರೆ ತಿರುವು ಯಾವಾಗ ಬರುತ್ತದೆ ಅಂತ ದೇಹಕ್ಕೆ ಗೊತ್ತಾಗದೆ ಎಳೆದಾಡಿದ ಹಾಗಾಗುತ್ತದೆ, ತಲೆಸುತ್ತೂ ಜಾಸ್ತಿ. ಮುಂದಿನ ಕಂಬಿಯನ್ನು ನೋಡುತ್ತಿರಿ. ಮತ್ತೆ ಕೂಗಿ, ಗಂಟಲು ಬಿಟ್ಟು ಕೂಗಿ. ಕೂಗುವಾಗ ಉಸಿರು ಕಟ್ಟಿಕೊಳ್ಳಲು ಆಗುವುದಿಲ್ಲ.

ನಾನು ಮೊದಲ ಸಲ ಕೂತಾಗ ಬಾರಿನ ಮೇಲಿನ ಸ್ಪಂಜು ಒಂದು ಕಡೆ ಹರಿದಿತ್ತು. ಗಾಡಿ ಹೊರಡುವವರೆಗೆ ಉಗುರಿನಿಂದ ಅದನ್ನೇ ಕೆರೆಯುತ್ತಾ ಕೂತಿದ್ದೆ. ಹಿಂದಿನ ಸೀಟಿನಿಂದ ಒಬ್ಬ ಪುಟ್ಟ ಹುಡುಗಿ "ಆಂಟಿ, ನಿಮಗೂ ಫಸ್ಟ್ ಟೈಮಾ?" ಅಂದಳು. ಹೌದು ಅಂದೆ. "ನಂಗೂ" ಅಂದಳು. ಆಮೇಲೆ ಕಟ ಕಟ ಶುರುವಾಯಿತು. ನಾನು ಆ ಸದ್ದನ್ನು ಎಣಿಸತೊಡಗಿದೆ. ಮೂವತ್ತು ದಾಟಿದ ಮೇಲೆ ಎಣಿಕೆ ತಪ್ಪಿತು, ಆಕಾಶ ಕಂಡಿತು, ಆಮೇಲೆ ನನ್ನದೇ ಕೂಗು ಕೇಳಿಸಿತು. ಇಳಿದಾಗ ಮಂಡಿ ನಡುಗುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಹತ್ತು ನಿಮಿಷ ಕೂತು ಮತ್ತೆ ಅದೇ ಕ್ಯೂಗೆ ಹೋದೆ. ಎರಡನೇ ಸಲ ಗಾಳಿ ಮುಖಕ್ಕೆ ಬಡಿಯುವುದು ಗೊತ್ತಾಯಿತು, ಮೊದಲ ಸಲ ಅದೂ ಗೊತ್ತಾಗಿರಲಿಲ್ಲ.

ಎಲ್ಲ ಮಾಡಿ ನೋಡಿ "ನನಗೆ ಇದು ಹಿಡಿಸಲಿಲ್ಲ" ಅನ್ನಿಸಿದರೆ ಅಲ್ಲಿಗೆ ಬಿಡಿ. ಭಯ ಬೇಡ ಅಂದಿದ್ದಕ್ಕೆ ಹತ್ತದಿರುವುದು ಬೇರೆ, ಹತ್ತಿ ನೋಡಿ ಬೇಡ ಅನ್ನುವುದು ಬೇರೆ. ಆದರೆ ಲಿಫ್ಟ್, ಸೇತುವೆ, ಮಹಡಿ ಮೆಟ್ಟಿಲಿಗೂ ಇದೇ ಭಯ ಹಬ್ಬಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಇಂಥ ಭಯಕ್ಕೆ ಅವರು ಕೊಡುವ ಚಿಕಿತ್ಸೆಯೂ ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದೇ, ಫಲ ಕೊಡುತ್ತದೆ.

ಪ್ರಶ್ನೆ: ನಾನು 21 ವರ್ಷದ ವಿದ್ಯಾರ್ಥಿ. ಎತ್ತರಕ್ಕೆ ಹೆದರುವುದಿಲ್ಲ, ಆದರೆ ತಲೆಕೆಳಗಾಗುವ ರೈಡ್ ಅಂದರೆ ಆಗುವುದಿಲ್ಲ. ಕಳಚಿ ಬಿದ್ದುಬಿಡುತ್ತೇನೆ ಅನ್ನಿಸುತ್ತದೆ. ಎರಡು ಸಲ ಫ್ರೆಂಡ್ಸ್ ಜೊತೆ ಹೋದಾಗ ತಲೆನೋವು ಅಂತ ಸುಳ್ಳು ಹೇಳಿ ತಪ್ಪಿಸಿಕೊಂಡೆ. ಅವರಿಗೆ ಗೊತ್ತಾಗಿ ಈಗ ದಿನಾ ರೇಗಿಸುತ್ತಾರೆ.
— ವಿದ್ಯಾರ್ಥಿ

ಉತ್ತರ: ಮೊದಲು ಬೀಳುವ ವಿಷಯ. ನೀರು ತುಂಬಿದ ಬಕೆಟನ್ನು ತಲೆಯ ಮೇಲಿಂದ ಜೋರಾಗಿ ಸುತ್ತಿಸಿದರೆ ನೀರು ಚೆಲ್ಲುವುದಿಲ್ಲ. ವೇಗವಾಗಿ ಸಾಗುವ ಸುತ್ತಿನಲ್ಲಿ ನಿಮ್ಮದೂ ಅದೇ ಕಥೆ. ತಲೆಕೆಳಗಾದಾಗಲೂ ಸೀಟು ನಿಮ್ಮನ್ನು ಒತ್ತುತ್ತಿರುತ್ತದೆ. ಅದರ ಮೇಲೆ ಬಾರ್ ಬೇರೆ ಇದೆ. ಇದು ಒಂದೇ ದಿನದಲ್ಲಿ ಸರಿಹೋದದ್ದಲ್ಲ. 1895ರಲ್ಲಿ ಕೋನಿ ಐಲೆಂಡ್‌ನಲ್ಲಿ ಫ್ಲಿಪ್ ಫ್ಲ್ಯಾಪ್ ಅನ್ನುವ ರೈಡ್ ಬಂತು. ಅದರ ಸುತ್ತು ಪೂರ್ತಿ ದುಂಡಗಿತ್ತು. ಒಳಗೆ ನುಗ್ಗಿದ ಕ್ಷಣವೇ ಕತ್ತಿನ ಮೇಲೆ ವಿಪರೀತ ಒತ್ತಡ ಬೀಳುತ್ತಿತ್ತು, ಕತ್ತು ನೋಯಿಸಿಕೊಂಡು ಇಳಿಯುತ್ತಿದ್ದರು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ರೈಡಿಗೆ ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಆ ಸುತ್ತನ್ನು ನೀರಿನ ಹನಿಯ ಆಕಾರದಲ್ಲಿ ಮಾಡಿದರು. ಕೆಳಗೆ ಅಗಲ, ಮೇಲೆ ಕಿರಿದು. ಒತ್ತಡ ಒಮ್ಮೆಲೇ ಬೀಳದೆ ನಿಧಾನಕ್ಕೆ ಏರುತ್ತದೆ. ಈಗ ನೀವು ನೋಡುವ ಸುತ್ತುಗಳೆಲ್ಲ ಹೆಚ್ಚುಕಡಿಮೆ ಅದೇ ಆಕಾರದವು. ಮುಂದಿನ ಸಲ ಹೊರಗೆ ನಿಂತು ನೋಡಿ, ಗೊತ್ತಾಗುತ್ತದೆ.

ಇನ್ನು ಗೆಳೆಯರು. ನಿಮ್ಮಷ್ಟೇ ವಯಸ್ಸಿನಲ್ಲಿ, 1770ರ ಸುಮಾರಿಗೆ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಕಾನೂನು ಓದುತ್ತಿದ್ದ ಒಬ್ಬ ವಿದ್ಯಾರ್ಥಿಗೆ ಎತ್ತರ ಅಂದರೆ ತಲೆಸುತ್ತು ಬರುತ್ತಿತ್ತು. ಅವನು ಆ ಊರಿನ ಚರ್ಚಿನ ಗೋಪುರವನ್ನು ಒಬ್ಬನೇ ಹತ್ತುತ್ತಿದ್ದ. ತುದಿಯ ಹತ್ತಿರ ಒಳಗೆ ಕಾಲು ಗಂಟೆ ಕೂತು ಸುಧಾರಿಸಿಕೊಂಡು, ಆಮೇಲೆ ಹಿಡಿದುಕೊಳ್ಳಲು ಏನೂ ಇಲ್ಲದ ಚಿಕ್ಕ ಕಟ್ಟೆಯ ಮೇಲೆ ಬಂದು ನಿಲ್ಲುತ್ತಿದ್ದ. ತಲೆಸುತ್ತು ನಿಲ್ಲುವವರೆಗೆ ಮತ್ತೆ ಮತ್ತೆ ಹತ್ತಿದ. ಆ ಹುಡುಗ ಮುಂದೆ ಜರ್ಮನ್ ಭಾಷೆಯ ಮಹಾಕವಿ ಅನ್ನಿಸಿಕೊಂಡ ಗಯಟೆ. ನೀವು ಅಂಥ ಕಟ್ಟೆ ಹತ್ತಬೇಡಿ, ಬಾರ್ ಇರುವ ರೈಡೇ ಸಾಕು. ನಾನು ಹೇಳಲು ಹೊರಟದ್ದು ಆ "ಒಬ್ಬನೇ" ಅನ್ನುವ ಪದದ ಬಗ್ಗೆ. ನೋಡುವವರು, ಶಿಳ್ಳೆ ಹೊಡೆಯುವವರು ಯಾರೂ ಇರಲಿಲ್ಲ. ನೀವು ಇಡೀ ಗುಂಪಿನ ಜೊತೆ ಹೋಗುವ ಮೊದಲು, ರೇಗಿಸದ ಒಬ್ಬ ಗೆಳೆಯನಿಗೆ ನಿಜ ಹೇಳಿ ಅವನ ಜೊತೆ ಹೋಗಿ ಬನ್ನಿ. ತಲೆಕೆಳಗಾಗುವ ಸುತ್ತು ಒಂದೇ ಇರುವ ರೈಡನ್ನು ಮೊದಲು ಹತ್ತಿ. ತಲೆನೋವಿನ ಸುಳ್ಳು ಬಿಟ್ಟುಬಿಡಿ, ಭಯದ ಜೊತೆ ಅದನ್ನೂ ಹೊತ್ತುಕೊಂಡು ಓಡಾಡಬೇಕಾಗುತ್ತದೆ.

ಪ್ರಶ್ನೆ: ನನಗೆ 62. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಸೊಂಟದ ನೋವೂ ಇದೆ. ಮೊಮ್ಮಕ್ಕಳು "ತಾತಾ ಬನ್ನಿ" ಅಂತ ಕೈ ಎಳೆಯುತ್ತಾರೆ. ಭಯ ಬಿಟ್ಟು ಹತ್ತಿಬಿಡಲೇ?
— ಒಬ್ಬ ತಾತ

ಉತ್ತರ: ಬೇಡ ಸರ್, ಡಾಕ್ಟರನ್ನು ಕೇಳದೆ ಖಂಡಿತ ಬೇಡ. ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನು ಕತ್ತಿನ ನೋವು, ಮೂರ್ಛೆರೋಗ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಇಂಥ ರೈಡ್ ಹತ್ತಬಾರದು ಅಂತ ಬಾಗಿಲಲ್ಲೇ ಬೋರ್ಡ್ ಇರುತ್ತದೆ. ಅದು ಸುಮ್ನೆ ಹಾಕಿದ್ದಲ್ಲ. ನಿಮ್ಮದು ಗೆಲ್ಲಬೇಕಾದ ಭಯವಲ್ಲ, ಕೇಳಬೇಕಾದ ಎಚ್ಚರಿಕೆ. ಡಾಕ್ಟರು ಸರಿ ಅಂದರೆ ನಿಧಾನಕ್ಕೆ ತಿರುಗುವ ಜಾಯಿಂಟ್ ವೀಲ್‌ನಲ್ಲಿ ಮೊಮ್ಮಕ್ಕಳನ್ನು ಅಕ್ಕಪಕ್ಕ ಕೂರಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ರೈಡ್ ನೋಡಿದರೆ ಅಳುತ್ತಾನೆ. ಗಂಡು ಹುಡುಗ ಹೀಗೆ ಹೆದರಬಾರದು, ಒಮ್ಮೆ ಎತ್ತಿ ಕೂರಿಸಿದರೆ ಸರಿಹೋಗುತ್ತಾನೆ ಅನ್ನುವುದು ನನ್ನ ಅಭಿಪ್ರಾಯ. ಹೆಂಡತಿ ಒಪ್ಪುತ್ತಿಲ್ಲ. ಯಾರು ಸರಿ?
— ಒಬ್ಬ ತಂದೆ

ಉತ್ತರ: ನಿಮ್ಮ ಹೆಂಡತಿ. ಇದೇ ಪುಟದ ಮೊದಲ ಪತ್ರವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಎಳೆದು ಕೂರಿಸಿದ ಒಂದು ರೈಡ್ ಆ ತಾಯಿಯನ್ನು ಇಷ್ಟು ವರ್ಷ ಬೆಂಚಿನ ಮೇಲೆ ಕೂರಿಸಿದೆ. ಹೆದರುವುದಕ್ಕೆ ಗಂಡು ಹೆಣ್ಣು ಅನ್ನುವ ಭೇದವಿಲ್ಲ, ಎಂಟು ವರ್ಷದ ಮಗುವಿಗಂತೂ ಇಲ್ಲವೇ ಇಲ್ಲ.

1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನುವ ಮನಶ್ಶಾಸ್ತ್ರಜ್ಞೆ ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಅನ್ನುವ ಪುಟ್ಟ ಹುಡುಗನ ಬಗ್ಗೆ ಬರೆದಿದ್ದಾರೆ. ಅವರು ಮೊಲವನ್ನು ಅವನ ಮಡಿಲಿಗೆ ಹಾಕಲಿಲ್ಲ. ಅವನು ಇಷ್ಟಪಟ್ಟು ತಿನ್ನುತ್ತಿರುವಾಗ ಪಂಜರವನ್ನು ದೂರದಲ್ಲಿಟ್ಟು, ದಿನ ಕಳೆದ ಹಾಗೆ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಆಡಲು ಬಿಟ್ಟರು. ಕೊನೆಗೆ ಅವನೇ ಮೊಲವನ್ನು ಮುಟ್ಟಿದ. ನೀವೂ ಹಾಗೇ ಮಾಡಬಹುದು. ಮತ್ತೆ ಎತ್ತರದ ಅಳತೆಗೋಲಿಗೆ ಅವನು ಒಂದು ಬೆರಳು ಕಡಿಮೆಯಿದ್ದರೂ ಒಳಗೆ ನುಸುಳಿಸಬೇಡಿ, ಆ ಬಾರ್ ಅವನ ಮೈಗೆ ತಕ್ಕಂತೆ ಕೂರುವುದಿಲ್ಲ.

ಮುಂದಿನ ಸಲ ಹೋದಾಗ ಮೊದಲ ಅರ್ಧ ಗಂಟೆಯನ್ನು ಅವನ ಕೈಗೆ ಕೊಡಿ. ಯಾವುದು ನೋಡೋಣ, ಎಷ್ಟು ದೂರ ನಿಲ್ಲೋಣ, ಯಾವುದು ಹತ್ತೋಣ ಅನ್ನುವುದನ್ನೆಲ್ಲ ಅವನೇ ಹೇಳಲಿ. ಚಿಕ್ಕ ರೈಲೇ ಸಾಕು, ಅದರಲ್ಲೇ ಐದು ಸಲ ಹೋಗೋಣ ಅಂದರೆ, ಅವನ ಹಿಂದಿನ ಸೀಟಿನಲ್ಲಿ ಕೂತು ನೀವೂ ಐದು ಸಲ ಸುತ್ತಿ ಬನ್ನಿ.